ಅವ್ವನ ಎಡ ಅಂಗೈ

"ಮಾವಶಿ, ಕೊಳ್ಳಾಗಿಂದು ತಗೀರಿ," ಅಂದ ಮಷೀನ್ ನಡಸಾವ.

ಅವ್ವ ತಗೀಲಿಲ್ಲ. ಲಿಂಗ ಇಡೋ ಬೆಳ್ಳಿ ಕರಡಗಿ ಬಲಗೈಯಾಗ ಗಟ್ಟಿ ಹಿಡ್ಕೊಂಡು ನಿಂತ್ಲು. ನಮ್ಮಲ್ಲಿ ಲಿಂಗ ಮೈ ಬಿಟ್ಟು ದೂರಾದ್ರ ಜೀವ ಹೋದಂಗ. ಅಂವಗ ಅದೆಲ್ಲ ಯಾಕ ಬೇಕು. ಸೊಲ್ಲಾಪುರದ ದವಾಖಾನಿ, ನಮ್ಮ ಹಿಂದ ಇನ್ನಾ ಮಂದಿ ಕುಂತಿದ್ರು.

"ಜಲ್ದಿ ಮಾಡ್ರಿ. ಒಳಗ ಬೆಳ್ಳಿ ಬಂಗಾರ ನಡಿಯಂಗಿಲ್ಲ."

ಅವ್ವ ಕರಡಗಿ ನನ್ನ ಕೈಯಾಗ ಇಟ್ಲು. "ನೆಲಕ್ಕ ಇಟ್ಟಿ ಅಂದ್ರ ನೋಡ್ ಮಗನ, ನಾ ಒಳಗೇ ಸಾಯ್ತೇನಿ."

"ಸಾಯಂಗಿಲ್ಲ ಹೋಗಬೇ."

ಆಕಿ ಎಡ ಅಂಗೈ ನಡುವ ಒಂದು ಹುಣ್ಣು ಎದ್ದಿತ್ತು. ತೊಗರಿ ಕಟಗಿ ಚುಚ್ಚೇದ ಅಂತ ನಮ್ಮ ಊರು ಮಟಕ್ಯಾಗ ಅರಿಷಿಣ ಹಚ್ಚಿದ್ವಿ. ಮಾಯಲಿಲ್ಲ. ಆಳಂದದ ಡಾಕ್ಟರ್ ಸೊಲ್ಲಾಪುರಕ್ಕ ಕಳಿಸ್ದ. ಅಲ್ಲಿ ಜರಾ ಚರ್ಮ ಕೆತ್ತಿ ನೋಡಿ, ಕ್ಯಾನ್ಸರ್ ಅಂದ್ರು. ಅಂಗೈಯಾಗ ಇಂಥಾದ್ದು ಬರೋದು ಭಾಳ ಕಡಿಮಿ ಅಂದ್ರು. ಕೈ ಕಡೀಬೇಕು, ಇಲ್ಲಂದ್ರ ಕರೆಂಟ್ ಕೊಟ್ಟು, ಅಂದ್ರ ಮಷೀನಿನ ಕಿರಣದಿಂದ ಹುಣ್ಣು ಸುಟ್ಟು ನೋಡಬೇಕು.

"ಕಡದ್ರ ಲಿಂಗ ಎಲ್ಲಿ ಇಟ್ಕೊಳ್ಳಿ?" ಅಂತ ಕೇಳಿದ್ಲು ಅವ್ವ. ಪೂಜಿಗೆ ಲಿಂಗ ಇಡೋದು ಎಡ ಅಂಗೈ ಮ್ಯಾಲ. ಕರೆಂಟೇ ಕೊಡ್ರಿ ಅಂದೆ.

ಕರೆಂಟ್ ಅಷ್ಟರಾಗೇ ಬೀಳಬೇಕಂತ ಹುಣ್ಣಿನ ಸುತ್ತ ನೇರಳಿ ಬಣ್ಣದ ಚೌಕ ಗೆರಿ ಹೊಡದ್ರು. ಆಕಿ ಕೈ ಮಷೀನ್ ಕೆಳಗ ಇಟ್ಟು ಎಲ್ಲಾರೂ ಹೊರಗ ಬಂದ್ರು. ದಪ್ಪ ಬಾಗಲ ಹಾಕಿದ್ರು. ನಾ ಕಾಜಿನ ಕಿಡಕ್ಯಾಗಿಂದ ನೋಡ್ದೆ. ಬೆಳಕಿಲ್ಲ, ಬೆಂಕಿ ಇಲ್ಲ, ಏನೂ ಕಾಣಂಗಿಲ್ಲ. ಕಾಣದಿದ್ದಕ್ಕ ಇಷ್ಟು ಮಂದಿ ಅಂಜಿ ಹೊರಗ ಬಂದಾರ, ಆಕಿ ಒಬ್ಬಾಕಿನ ಒಳಗ ಬಿಟ್ಟು. ಅವ್ವ ಕಣ್ಣು ಮಿಟಕಸಲಿಲ್ಲ. ನನ್ನ ಕೈಯಾಗಿನ ಕರಡಗಿ ಬೆಚ್ಚಗಾಗಿತ್ತು. ನನ್ನ ಬೆವರೇ ಇರಬೇಕು.

ಮರುದಿನ ನಡಸಾವ ಅಂಗೈ ನೋಡಿ ತಲಿ ಹಿಡ್ಕೊಂಡ. "ಗೆರಿ ಎಲ್ಲಿ ಹೋತು ಮಾವಶಿ?"

ಮಠದ ಖೋಲ್ಯಾಗ ಇಳ್ಕೊಂಡಿದ್ವಿ. ಮುಂಜಾನಿ ಎದ್ದು ಜಳಕ ಮಾಡಿ, ಅಂಗೈ ಮ್ಯಾಲ ಲಿಂಗ ಇಟ್ಟು ನೀರು ಹಾಕ್ಯಾಳ. ಗೆರಿ ನೀರಾಗ ಕಲತದ. ಆ ನೀರು ತೀರ್ಥ ಅಂತ ಕುಡದಾಳ.

"ನೀರು ಹತ್ತಸಬ್ಯಾಡ್ರಿ ಅಂದಿದ್ನೋ ಇಲ್ಲೋ?"

"ನೀರಿಲ್ಲದ ಪೂಜಿ ನಿಮ್ಮ ಮನ್ಯಾಗ ಮಾಡ್ತಾರೇನಪ್ಪಾ?"

ಡಾಕ್ಟರ್ ಬಂದು ಮತ್ತ ಗೆರಿ ಹೊಡದ. "ಇನ್ನೊಮ್ಮಿ ಅಳಸಿದ್ರ ಕೈ ಉಳಿಯಂಗಿಲ್ಲ ನೋಡ್ರಿ," ಅಂದ.

ಪೂಜಿ ಆಗದ ಆಕಿ ಉಣ್ಣಂಗಿಲ್ಲ. ಅದಕ್ಕ ಒಂದು ದಾರಿ ಹುಡುಕಿದ್ಲು. ಕರಡಗಿ ಕೊಳ್ಳಾಗೇ ಬಿಟ್ಟು, ಖಾಲಿ ಅಂಗೈ ಎದಿ ಮುಂದ ಹಿಡದು, ಲಿಂಗ ನೋಡಿದಂಗ ನೋಡಕೋತ ಕೂಡತಿದ್ಲು. ನನಗ ಕೈ ಉಳದ್ರ ಸಾಕಿತ್ತು.

ಕೈ ಉಳೀತು. ವಾರಗಟ್ಟಲೆ ಕರೆಂಟ್ ಕೊಟ್ಟ ಮ್ಯಾಲ ಹುಣ್ಣು ಒಣಗಿ, ಆ ಜಾಗದಾಗ ಕರ್ರಗ, ನುಣ್ಣಗ ಚರ್ಮ ಬಂತು. ಇನ್ನ ನೀರು ಹತ್ತಿದ್ರ ಹರಕತ್ತಿಲ್ಲ ಅಂತ ಡಾಕ್ಟರ್ ಹೇಳಿ ಕಳಿಸ್ದ.

ಊರಿಗೆ ಬಂದ ಮ್ಯಾಲೂ ಆಕಿ ಕರಡಗಿ ತೆರೀಲಿಲ್ಲ.

"ಯಾಕಬೇ, ಲಿಂಗ ಹೊರಗ ತಗೀವಲ್ಲಿ?"

"ಕೈಯಾಗೇ ಅದಲ್ಲೋ. ಸರಿ ಅತ್ತಾಗ, ನೆರಳು ಬೀಳಾಕತ್ತದ."

ಸರದು ನಿಂತೆ. ಅಂಗೈ ಖಾಲಿ ಇತ್ತು. ಆಕಿ ತಂಬಗಿಯಿಂದ ಸಾವಕಾಶ ನೀರು ಬಿಟ್ಲು. ನೀರು ಅಂಗೈ ನಡುವ ಬಿದ್ದು, ಅಲ್ಲಿ ನಿಲ್ಲಲಿಲ್ಲ. ದುಂಡಗ ಏನೋ ಕುಂತಂಗ, ಅದರ ಸುತ್ತ ಹಾದು ಎರಡೂ ಕಡಿಯಿಂದ ಇಳೀತು.

ನಾ ನೋಡಿದ್ದು ಇಷ್ಟ. ಇನ್ನ ಹೇಳೋದು ಏನೂ ಇಲ್ಲ.