ರೇಡಿಯೋಕ್ಕೆ ನೀರು ಚಿಮುಕಿಸುತ್ತಿದ್ದ ಕಾಕು

ಅಳಿಯ ಹಾನಗಲ್ಲಿನ ಗುಜರಿ ಅಂಗಡಿಯಿಂದ ಹಳೆಯ ವಾಲ್ವ್ ರೇಡಿಯೋ ಒಂದನ್ನು ಹೊತ್ತು ತಂದಿದ್ದಾನೆ. ಅದು ಹಾಡುವುದಿಲ್ಲ, ಪಡಸಾಲೆಯಲ್ಲಿ ಚೆಂದಕ್ಕೆ ಇಡಲಿಕ್ಕಂತೆ. ಮುಂಭಾಗದ ಬಟ್ಟೆಯ ತುಂಬ ಕಂದು ಕಲೆ. ಅದನ್ನು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಅಂಟುವಾಳದ ಕಾಯಿ ನೆನೆಹಾಕಿ, ನೊರೆ ಎಬ್ಬಿಸಿ, ಬಟ್ಟೆಗೆ ತಾಗಿಸಿದೆ. ಒದ್ದೆಯಾದ ಹಳೆಯ ಧೂಳಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿಗ್ಗಾಂವದ ನಮ್ಮ ಪಕ್ಕದ ಮನೆಯ ಕಾಕು ನೆನಪಾದರು. ಅವರ ಜೊತೆಗೆ ಹಳೆಯ ಸಿಟ್ಟೂ ಬಂತು.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಯಜಮಾನರು ಅಲ್ಲಿ ಕಾಳಿನ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ನಾನು ತಿಳವಳ್ಳಿಯ ಒಕ್ಕಲಿಗರ ಮನೆಯ ಮಗಳು. ರೇಡಿಯೋ ತವರಿನವರು ಕೊಟ್ಟದ್ದು. ಪಕ್ಕದ ಮನೆಯವರು ವೈಷ್ಣವರು, ಮಡಿ ಎಂದರೆ ಮಡಿ. ಕಾಕಾ ಪುರಾಣ ಹೇಳುವವರು. ಅವರ ಒಬ್ಬಳೇ ಮಗಳು ಬೇರೆ ಜಾತಿಯ ತಬಲಾ ಮಾಸ್ತರನನ್ನು ಮದುವೆಯಾಗಿ ಧಾರವಾಡ ಸೇರಿದ್ದಳು, ಅಲ್ಲಿಯ ರೇಡಿಯೋದಲ್ಲಿ ದಾಸರ ಪದ ಹಾಡುತ್ತಿದ್ದಳು. ಕಾಕಾ ಮಗಳ ಹೆಸರಿಗೆ ಎಳ್ಳುನೀರು ಬಿಟ್ಟಿದ್ದರು. ಅವಳ ಮುಖ ನೋಡುವುದಿಲ್ಲವೆಂದು ಕಾಕುವಿನಿಂದಲೂ ದೇವರ ಮುಂದೆ ಮಾತು ತೆಗೆದುಕೊಂಡಿದ್ದರು. ಮುಖ ನೋಡಬಾರದೆಂದಿತ್ತು, ದನಿ ಕೇಳಬಾರದೆಂದು ಯಾರೂ ಹೇಳಿರಲಿಲ್ಲವಲ್ಲ... ಹಾಗೆ ಕಾಕು ನಮ್ಮ ಮನೆಗೆ ಬರತೊಡಗಿದರು.

ಮಗಳ ಹಾಡು ಯಾವತ್ತು ಎಂದು ನಾನೇ ಪತ್ರಿಕೆ ನೋಡಿ ಹಿತ್ತಲ ಗೋಡೆಯ ಮೇಲಿಂದ ಹೇಳುತ್ತಿದ್ದೆ. ಕಾಕಾ ಗುಡಿಗೆ ಹೋದದ್ದೇ ಕಾಕು ಬರುವರು, ಕೈಯಲ್ಲಿ ಪಂಚಪಾತ್ರೆ ಹಿಡಿದು. ನಮ್ಮೆಲ್ಲರ ಕೈ ತಾಗಿದ ರೇಡಿಯೋ ಅವರಿಗೆ ಮೈಲಿಗೆ. ಅದಕ್ಕೆ ತುಳಸಿ ಹಾಕಿದ ನೀರನ್ನು ಬೆರಳಿನಿಂದ ಅದರ ಮೇಲೆ ಚಿಮುಕಿಸಿ, ದೂರ ಸರಿದು, ಗೋಡೆಗೆ ಮೈ ತಾಗದಂತೆ ಕೂರುವರು. ಹಾಡು ಮುಗಿದದ್ದೇ ಎದ್ದು ಹೋಗುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ತವರಿನ ರೇಡಿಯೋ, ನನ್ನ ಮನೆ, ಅದಕ್ಕೆ ಇವರ ಶುದ್ಧಿ!

ಶುದ್ಧಿಯಾದ ರೇಡಿಯೋದ ಮುಂಭಾಗದ ಬಟ್ಟೆಯ ಗತಿ ಏನು? ನೀರು ಬಿದ್ದಲ್ಲಿ ಧೂಳು ಕರಗಿ, ಒಣಗಿದಾಗ ಸುತ್ತ ಕಂದು ಬಳೆ ಮೂಡುತ್ತಿತ್ತು. ಒಂದು ಬಳೆಯನ್ನು ಒರೆಸಲು ಹೋದರೆ ಅದಕ್ಕಿಂತ ದೊಡ್ಡದು ಬೀಳುವುದು. ಹಿಂದಿನ ಮುಚ್ಚಳ ಬಿಚ್ಚಿ, ಬಟ್ಟೆ ಅಂಟಿಸಿದ ಹಲಗೆಯನ್ನು ಹೊರಗೆ ತೆಗೆದು, ಇಡೀ ಬಟ್ಟೆಗೆ ಬರೀ ನೊರೆಯನ್ನು ಸಮನಾಗಿ ತಾಗಿಸಬೇಕು. ತಿಕ್ಕಿದರೆ ಎಳೆ ಹರಿಯುತ್ತದೆ, ನೀರು ಹೆಚ್ಚಾದರೆ ಅಂಟು ಬಿಟ್ಟು ಬಟ್ಟೆ ಜೋಲುತ್ತದೆ. ಆಮೇಲೆ ನೆರಳಿನಲ್ಲಿ ಒಣಗಿಸಬೇಕು. ಇಷ್ಟೆಲ್ಲ ಮಾಡಿ ಜೋಡಿಸಿ ಇಟ್ಟರೆ, ಮುಂದಿನ ಹಾಡಿನ ದಿನ ಕಾಕು ಮತ್ತೆ ಪಂಚಪಾತ್ರೆಯೊಂದಿಗೆ ಹಾಜರು. ಕರೆಂಟು ಹೊಡೆಯುತ್ತದೆಂದು ಹೆದರಿಸಿದೆ. ಅವರು ನೀರಿನ ಹನಿ ಕಡಿಮೆ ಮಾಡಿದರು, ಬಿಡಲಿಲ್ಲ. ರೇಡಿಯೋಕ್ಕೆ ದಪ್ಪ ಬಟ್ಟೆ ಹೊದಿಸಿದೆ. ಅದನ್ನು ತೆಗೆಯೆಂದು ನನಗೇ ಹೇಳಿ, ಆಮೇಲೆ ಚಿಮುಕಿಸಿದರು.

ಕೆಲವು ವರ್ಷ ಕಳೆದು ಕಾಕಾ ತೀರಿಕೊಂಡರು. ಇನ್ನೇನು, ಅಡ್ಡ ನಿಲ್ಲುವವರು ಇಲ್ಲ ಎಂದುಕೊಂಡೆ. ಅದೇ ಹೊತ್ತಿಗೆ ಮಗಳು ಶಿಗ್ಗಾಂವದ ಕಾಲೇಜಿನಲ್ಲಿ ಹಾಡಲು ಬಂದಳು, ಹಾಡು ಮುಗಿಸಿ ನೇರ ನಮ್ಮ ಮನೆಗೇ ಬಂದಳು. ತಾಯಿಯ ಮನೆಯ ಬಾಗಿಲು ತಟ್ಟುವ ಧೈರ್ಯ ಆಗಲಿಲ್ಲವಂತೆ. ನಾನು ಹಿತ್ತಲಿಗೆ ಓಡಿ, ಮಗಳು ಬಂದಿದ್ದಾಳೆ, ಬರ್ರಿ ಎಂದೆ.

ಕಾಕು ಬಂದರು. ಹಿತ್ತಲ ಬಾಗಿಲಲ್ಲಿ ನಿಂತು ಸೆರಗನ್ನು ಎಳೆದು ಮುಖದ ಮೇಲೆ ಮುಚ್ಚಿಕೊಂಡರು. ಮಗಳು ಎದ್ದು ಎರಡು ಮೊಳ ದೂರದಲ್ಲಿ ಬಂದು ನಿಂತಳು. "ಅವ್ವಾ" ಎಂದಳು. ಸೆರಗು ಅಲುಗಿತು, ಕೈ ಅಲುಗಲಿಲ್ಲ. ಕಾಕು ಹೊರಳಿ ಗೋಡೆ ಹಿಡಿದು ಮನೆಗೆ ಹೋದರು. ಮಗಳು ನಮ್ಮಲ್ಲಿ ಚಹಾ ಕೂಡ ಕುಡಿಯದೆ ಬಸ್ಸಿಗೆ ಹೋದಳು...

ಮುಂದಿನ ತಿಂಗಳು ಪಂಚಪಾತ್ರೆ ಹಿಡಿದು ಕಾಕು ಮತ್ತೆ ಬಾಗಿಲಲ್ಲಿ! "ಇವತ್ತ ಹಾಡತಾಳೇನು?" ಅಂತ. ನನಗೆ ತಡೆಯಲಾಗಲಿಲ್ಲ.

"ಖರೇ ಮಗಳು ಬಂದ್ರ ಮುಖ ಮುಚ್ಚಗೊಂಡ್ರಿ. ಈ ಪೆಟಿಗಿ ಮುಂದ ಯಾಕ ಬಂದ ಕುಂಡ್ರತೀರಿ, ಕಾಕೂ?"

"ಅವರು ಇಲ್ಲ ಅಂತ ಮಾತ ತಪ್ಪಲೇನು, ತಂಗಿ?" ಎಂದರು ಮೆಲ್ಲಗೆ. "ಅಕಿ ಮುಖ ನೋಡಲಿಕ್ಕೆ ಆಗೂದಿಲ್ಲಂತನ ಇಲ್ಲಿ ಬರ್ತೀನಿ."

ರೇಡಿಯೋ ಹಚ್ಚಿದೆ.

ಬರಬರುತ್ತ ಅವರ ಕಿವಿ ಮಂದವಾಯಿತು. ದನಿ ಎಷ್ಟು ದೊಡ್ಡದು ಮಾಡಿದರೂ ಇನ್ನಷ್ಟು ಎನ್ನುವರು. ಓಣಿಯವರೆಲ್ಲ ಕೇಳುವಷ್ಟು ಹಚ್ಚಿದರೂ ಅವರಿಗೆ ಹಾಡು ಶುರುವಾದದ್ದೇ ತಿಳಿಯದು. ಒಂದು ದಿನ ನಾನು ಒಲೆಯ ಮುಂದಿನಿಂದ ಎದ್ದು ಬಂದು ನೋಡಿದರೆ, ಕಾಕು ರೇಡಿಯೋದ ಎದುರಿಗೇ ಕೂತಿದ್ದರು. ಪಂಚಪಾತ್ರೆ ಪಕ್ಕದಲ್ಲಿತ್ತು, ನೀರು ಹಾಗೇ ಇತ್ತು. ಬಲಗೈಯ ಅಂಗೈಯನ್ನು ಬಟ್ಟೆಯ ಮೇಲೆ ಪೂರ್ತಿ ಊರಿದ್ದರು. ಒಳಗೆ ಮಗಳು ಹಾಡುತ್ತಿದ್ದಳು, ಬಟ್ಟೆ ಕೈಯ ಕೆಳಗೆ ನಡುಗುತ್ತಿತ್ತು.

"ಇಲ್ಲಿ ಕೈಗೆ ಹತ್ತತದ ನೋಡು," ಎಂದರು ನನ್ನತ್ತ ತಿರುಗದೆ. ಹಾಡು ಮುಗಿಯುವವರೆಗೂ ಕೈ ತೆಗೆಯಲಿಲ್ಲ. ಆಮೇಲೆ ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡರೆಂದು ಕಾಣುತ್ತದೆ, ಹಿತ್ತಲಲ್ಲಿ ಕೊಡದ ಸಪ್ಪಳ ಕೇಳಿಸಿತು.

ಅದೇ ಚಳಿಗಾಲದಲ್ಲಿ ಕಾಕು ಹೋದರು. ಮಗಳು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಈಗ ಅವಳೂ ಇಲ್ಲವಂತೆ, ಯಾರೋ ಹೇಳಿದರು.

ಅಳಿಯನ ರೇಡಿಯೋದ ಬಟ್ಟೆ ನೆರಳಿನಲ್ಲಿ ಒಣಗುತ್ತಿದೆ, ಚೆನ್ನಾಗಿಯೇ ಬಂದಿದೆ. ನನ್ನ ಸಿಟ್ಟು ಮಾತ್ರ ಹೋಗಿಲ್ಲ. ಇವತ್ತು ಕಾಕು ಎದುರಿಗಿದ್ದರೆ ಕೇಳಿಯೇ ಬಿಡುತ್ತಿದ್ದೆ. ಮುಖ ನೋಡುವುದಿಲ್ಲವೆಂದು ತಾನೇ ನೀವು ಮಾತು ಕೊಟ್ಟದ್ದು? ಮುಟ್ಟುವುದಿಲ್ಲವೆಂದು ಕೊಟ್ಟಿರಲಿಲ್ಲವಲ್ಲ. ಸೆರಗು ಮುಚ್ಚಿಕೊಂಡೇ ಆ ದಿನ ಒಂದು ಕೈ ಚಾಚಿದ್ದರೆ ಆಗುತ್ತಿತ್ತು, ಕಾಕೂ. ಅವಳು ಅಲ್ಲೇ ನಿಂತಿದ್ದಳು...