ತೊಳೆದ ಫಿಲ್ಟರ್

ಆಗೆಲ್ಲ ಸಂಕ್ರಾಂತಿ ಹತ್ತಿರ ಬಂತೆಂದರೆ ನಮ್ಮ ಕಡೆ ರಸ್ತೆಯೇ ಕಣ. ಗುಬ್ಬಿಯಿಂದ ನಮ್ಮೂರಿಗೆ ಬರುವ ಟಾರು ರೋಡಿನ ಮೇಲೆ ಒಬ್ಬರು ರಾಗಿ ಹರವಿದ್ದರೆ ಇನ್ನೊಬ್ಬರು ಹುರುಳಿ ಹರವಿರುತ್ತಿದ್ದರು. ಬಸ್ಸಾಗಲಿ ಕಾರಾಗಲಿ, ಅದರ ಮೇಲೆಯೇ ಹೋಗಬೇಕು. ಚಕ್ರ ಹತ್ತಿದರೆ ಕಾಳು ಉದುರುತ್ತಿತ್ತು, ಒಕ್ಕಣೆ ಮುಗಿಯುತ್ತಿತ್ತು. ಬೆಳಿಗ್ಗೆ ಮಂಜು, ಹುಲ್ಲಿನ ಹಸಿ ವಾಸನೆ, ಮನೆಯಲ್ಲಿ ಅವರೆಕಾಳಿನ ಸಾರು. ಆ ಹುಲ್ಲಿನ ಮೇಲೆ ಬಿದ್ದು ಹೊರಳಾಡಿ ಆಮೇಲೆ ಮೈಯೆಲ್ಲ ಕೆರೆದುಕೊಂಡವರು ನಿಮ್ಮಲ್ಲೂ ಇರುತ್ತಾರೆ.

ನಮ್ಮಪ್ಪನ ಹತ್ತಿರ ಒಂದು ಹಳೇ ಡೀಸೆಲ್ ವ್ಯಾನ್ ಇತ್ತು. ಊರಿನ ಜನರನ್ನು ಗುಬ್ಬಿಗೆ, ತುಮಕೂರಿಗೆ ಕರೆದುಕೊಂಡು ಹೋಗಿ ಬರುತ್ತಿದ್ದ. ಮನೆ ನಡೆಯುತ್ತಿದ್ದುದೇ ಅದರಿಂದ. ಅಪ್ಪನಿಗೆ ಇಲ್ಲ ಅನ್ನೋಕೆ ಬರುತ್ತಿರಲಿಲ್ಲ. ಪಕ್ಕದ ಮನೆ ಕೆಂಪಜ್ಜಿ ಮೊರ ಹಿಡಿದುಕೊಂಡು ವ್ಯಾನಿಗೆ ಅಡ್ಡ ನಿಂತುಬಿಡುತ್ತಿದ್ದಳು.

"ಲೋ ರಂಗ, ಇನ್ನೊಂದ್ ರೌಂಡ್ ಹೊಡ್ದು ಹೋಗ್ಲಾ."

"ಅಜ್ಜಿ, ಗಾಡಿ ತುಂಬ ಜನ ಅವ್ರೆ."

"ಇರ್ಲಿ ಬುಡು. ತೂಕ ಇದ್ರೆ ಚೆನ್ನಾಗ್ ಉದುರ್ತದೆ."

ಒಳಗಿದ್ದವರು ನಗುತ್ತಿದ್ದರು. ಅಪ್ಪ ರಿವರ್ಸ್ ಹಾಕುತ್ತಿದ್ದ. ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ.

ಆ ಹೊಟ್ಟು, ಧೂಳು ಪೂರ್ತಿ ಏರ್ ಫಿಲ್ಟರಿಗೆ ಹೋಗುತ್ತಿತ್ತು. ಇಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಸೋಸುವ ಸಾಮಾನು ಅದು. ಒಂದು ತಗಡಿನ ಡಬ್ಬ, ಒಳಗೆ ಮಡಿಕೆ ಮಡಿಕೆಯಾಗಿ ಕಾಗದ. ಎರಡು ದಿನಕ್ಕೊಮ್ಮೆ ಅಪ್ಪ ಅದನ್ನು ತೆಗೆದು ಟೈರಿಗೆ ಬಡಿದು, ಪಂಕ್ಚರ್ ಅಂಗಡಿಯಲ್ಲಿ ಹವಾ ಹೊಡೆಸಿಕೊಂಡು ಬರುತ್ತಿದ್ದ. ಆ ವರ್ಷ ಅದಕ್ಕೂ ಬಗ್ಗಲಿಲ್ಲ. ಗಾಡಿ ಏರು ಹತ್ತುತ್ತಿರಲಿಲ್ಲ, ಕರೀ ಹೊಗೆ ಬೇರೆ.

"ಸೋಮ್ವಾರ ತುಮ್ಕೂರಲ್ಲಿ ಹೊಸಾದ್ ತತ್ತೀನಿ" ಅಂದ.

ಭಾನುವಾರ ಅಪ್ಪ ಯಡಿಯೂರಿಗೆ ನೆಂಟರ ಮನೆ ಕೆಲಸಕ್ಕೆ ಬಸ್ಸಿನಲ್ಲಿ ಹೋಗಿದ್ದ. ನನಗೆ ಹನ್ನೊಂದು ವರ್ಷ. ಶಾಲೆಯಲ್ಲಿ ಏನೂ ಹತ್ತುತ್ತಿರಲಿಲ್ಲ, ಸ್ಪ್ಯಾನರ್ ಕೈಗೆ ಸಿಕ್ಕರೆ ಮಾತ್ರ ನಾನು ಬುದ್ಧಿವಂತ. ಊರಲ್ಲಿ ಒಬ್ಬರ ಹಳೇ ಟ್ರ್ಯಾಕ್ಟರಿನ ಫಿಲ್ಟರ್ ತೊಳೆಯೋದನ್ನು ನೋಡಿದ್ದೆ. ಅದು ಕಬ್ಬಿಣದ ಜಾಲರಿಯದು, ಡೀಸೆಲ್‌ನಲ್ಲಿ ಅದ್ದಿ ತಿಕ್ಕಿದರೆ ಹೊಸದಾಗುತ್ತಿತ್ತು. ಇದೂ ಹಾಗೇ ಅಂದುಕೊಂಡೆ. ಡೀಸೆಲ್ ಮುಟ್ಟಿದರೆ ಒದೆ ಬೀಳುತ್ತೆ ಅಂತ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಕೂತು, ಸೋಪಿನ ನೀರಲ್ಲಿ ನೆನೆಸಿ, ಬ್ರಷ್ ಹಾಕಿ ಉಜ್ಜಿದೆ. ಕರೀ ನೀರು ಹರಿಯಿತು. ಬಿಸಿಲಿಗೆ ಒಣಗಿಸಿದೆ. ಕಾಗದಕ್ಕೆ ಮತ್ತೆ ಹಳದಿ ಬಣ್ಣ ಬಂತು. ಖುಷಿಯಿಂದ ತಿರುಗಿಸಿ ನೋಡಿದರೆ ಒಂದು ಮಡಿಕೆ ಬೆರಳಗಲ ಹರಿದಿತ್ತು.

ಹರಿದ ಕಡೆಯನ್ನು ಕೆಳಕ್ಕೆ ಮಾಡಿ ಡಬ್ಬಕ್ಕೆ ಹಾಕಿ ಮುಚ್ಚಿದೆ. ರಾತ್ರಿ ಅಪ್ಪ ಬಂದಾಗ ಫಿಲ್ಟರ್ ತೊಳೆದೆ ಅಂತಷ್ಟೇ ಹೇಳಿದೆ.

ಸೋಮವಾರ ಗಾಡಿ ಕುದುರೆ ತರ ಓಡಿತು. ಈಗ ಗೊತ್ತು, ತೂತಿದ್ದರೆ ಗಾಳಿ ಸಲೀಸಾಗಿ ನುಗ್ಗುತ್ತೆ, ಜೊತೆಗೆ ಮಣ್ಣೂ ನುಗ್ಗುತ್ತೆ. ಅವತ್ತು ಗೊತ್ತಿದ್ದುದು ಅಪ್ಪನ ಮುಖ ಅರಳಿದ್ದು ಮಾತ್ರ. ಹತ್ತಿದವರಿಗೆಲ್ಲ ಹೇಳಿದ.

"ನನ್ ಮಗ ಕಣಣ್ಣ ರೆಡಿ ಮಾಡಿದ್ದು. ಹೊಸಾದೇ ಬ್ಯಾಡ. ಲೋ ಮಂಜ, ಇನ್ಮ್ಯಾಕೆ ಫಿಲ್ಟರ್ ಡಿಪಾರ್ಟ್‌ಮೆಂಟು ನಿಂದೇ."

ಆಗಲೇ ಬಾಯಿ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬಿಡಲಿಲ್ಲ. ನನ್ನನ್ನು ಹೊಗಳಿದ್ದೇ ಅದೇ ಮೊದಲು.

ಆಮೇಲೆ ಎರಡು ದಿನಕ್ಕೊಮ್ಮೆ ನಾನೇ ತೆಗೆದೆ, ನಾನೇ ಬಡಿದೆ, ನಾನೇ ಹಾಕಿದೆ. ಬೆರಳಗಲ ಇದ್ದದ್ದು ಎರಡು ಬೆರಳಾಯಿತು. ಒಂದು ದಿನ ಹೇಳೋಣ ಅಂತ ಹತ್ತಿರ ಹೋದೆ.

"ಏನ್ಲಾ?" ಅಂದ ಅಪ್ಪ.

"ಏನಿಲ್ಲ. ಅವ್ವ ಊಟಕ್ಕೆ ಕರೀತಾವ್ಳೆ" ಅಂದೆ.

ಕೆಂಪಜ್ಜಿ ರೌಂಡ್ ಹೊಡೆಸುತ್ತಲೇ ಇದ್ದಳು. ಗಾಡಿ ರಾಗಿ ಧೂಳು ಕುಡಿಯುತ್ತಲೇ ಇತ್ತು. ಒಕ್ಕಣೆ ಮುಗಿಯೋ ಹೊತ್ತಿಗೆ ಆಯಿಲ್ ನಿಲ್ಲದಾಯಿತು, ಹೊಗೆ ನೀಲಿಯಾಯಿತು, ಬೆಳಿಗ್ಗೆ ನಾಲ್ಕು ಜನ ತಳ್ಳದೆ ಸ್ಟಾರ್ಟೇ ಆಗದ ಹಾಗಾಯಿತು.

ತುಮಕೂರಿನಲ್ಲಿ ಅಪ್ಪನ ಹಳೇ ಪರಿಚಯದ ಮೆಕ್ಯಾನಿಕ್ ಇಮ್ರಾನ್ ಭಾಯ್ ಶೆಡ್ಡಿಗೆ ತಗೊಂಡು ಹೋದೆವು. ನಾನೂ ಹೋಗಿದ್ದೆ. ಭಾಯ್ ಮೊದಲು ಬಿಚ್ಚಿದ್ದೇ ಆ ಡಬ್ಬ. ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿದರು. ಗಾಳಿ ಪೈಪಿನೊಳಗೆ ಬೆರಳು ಆಡಿಸಿ ತೆಗೆದರು. ಬೆರಳ ತುದಿಯಲ್ಲಿ ಹಿಟ್ಟಿನಂಥ ಮಣ್ಣು.

"ರಂಗಣ್ಣ, ಮಣ್ಣು ಒಳಗೋಗಿ ಸಿಲಿಂಡರ್ ಬೋರು, ಪಿಸ್ಟನ್ ರಿಂಗು ಎಲ್ಲಾ ತಿಂದಾಕ್ಬುಟ್ಟಿದೆ. ಈ ಇಂಜಿನ್ ಮುಗೀತು." ಹರಿದ ಕಡೆ ತೋರಿಸಿ, "ಕಾಗ್ದುದ್ ಫಿಲ್ಟರ್ ಯಾವನಾದ್ರೂ ತೊಳೀತಾನಾ? ಯಾವ್ ಬೇವಕೂಫ್ ತೊಳ್ದಿದ್ದು ಇದ್ನ?"

ಅಪ್ಪ ಹರಿದದ್ದನ್ನು ನೋಡಿದ. ಆಮೇಲೆ ನನ್ನ ಕಡೆ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

"ನಾನೇ ಭಾಯ್" ಅಂದ. "ಗೊತ್ತಾಗ್ಲಿಲ್ಲ."

"ಇಷ್ಟು ವರ್ಷ ಗಾಡಿ ಓಡ್ಸಿ ಇಷ್ಟೂ ಗೊತ್ತಿಲ್ವಾ ನಿಂಗೆ?"

ಅಪ್ಪ ತಲೆ ಬಗ್ಗಿಸಿಕೊಂಡು ಬೈಸಿಕೊಂಡ. ಗಾಡಿ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದೆವು. ಅದು ಮತ್ತೆ ಊರಿಗೆ ಬರಲಿಲ್ಲ, ಗುಜರಿಗೆ ಹೋಯಿತು. ಅಪ್ಪ ಬೇರೆಯವರ ಸ್ಕೂಲ್ ಬಸ್ಸಿಗೆ ಡ್ರೈವರ್ ಆದ. ಟೈಮಿಗೆ ಹತ್ತೋದು, ಟೈಮಿಗೆ ಇಳಿಯೋದು. ಅವರ ಗಾಡಿ, ಅವರ ಮಾತು.

ಈಗ ನಾನು ಸದಾಶಿವನಗರದ ಕಡೆ ಒಂದು ಗ್ಯಾರೇಜಿನಲ್ಲಿದ್ದೀನಿ. ದಿನಕ್ಕೆ ಐದಾರು ಫಿಲ್ಟರ್ ಬದಲಾಯಿಸುತ್ತೀನಿ. ಕ್ಲಿಪ್ ಬಿಚ್ಚು, ಹಳೇದು ಬಿಸಾಕು, ಹೊಸದು ಹಾಕು, ಮುಂದಿನ ಗಾಡಿ. ಸಂಜೆಗೆ ಸೊಂಟ ನಿಲ್ಲೋದಿಲ್ಲ. ಊರಲ್ಲಿ ಒಕ್ಕಣೆಗೆ ಮಿಷನ್ ಬಂದಿದೆ, ರಸ್ತೆ ಖಾಲಿ, ಗಾಡಿ ನಿಲ್ಲಿಸಿ ಮಾತಾಡಿಸುವವರೂ ಇಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ, ಊಟಕ್ಕೆ ಕೂತಾಗ ಮುಚ್ಚಿಟ್ಟು ಸಾಕಾಗಿ ಹೇಳಿಬಿಟ್ಟೆ.

"ಅಪ್ಪ, ಆ ಫಿಲ್ಟರ್ ಹರ್ದಿದ್ದು ನಂಗೆ ಮೊದ್ಲೇ ಗೊತ್ತಿತ್ತು."

"ಗೊತ್ತು ಬುಡ್ಲಾ."

"ಮತ್ಯಾಕ್ ಕೇಳ್ಲಿಲ್ಲ ನೀನು?"

ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿದ. "ಬಸ್ಸಲ್ಲಿ ಹೇಳ್ತೀಯ ಅಂದ್ಕಂಡೆ. ಗುಬ್ಬಿ ಬರಾಗಂಟ ಕಾದೆ. ನೀನು ನಿದ್ದೆ ಬಂದವ್ನಂಗೆ ಕಣ್ಮುಚ್ಕಂಡಿದ್ದೆ."

ತಟ್ಟೆ ಖಾಲಿ ಮಾಡಿದ. ಎದ್ದು ಕೈ ತೊಳೆಯೋಕೆ ಹೋದ.

ಗಾಡಿ ಬೇಕಾದರೆ ಎಂಥದ್ದೋ ಒಂದು ಹಳೇದು ತರಬಹುದು, ನಾನೇ ರಿಪೇರಿನೂ ಮಾಡಬಹುದು. ಅವತ್ತು ತುಮಕೂರಿಂದ ಗುಬ್ಬಿಗೆ ಮುಕ್ಕಾಲು ಗಂಟೆ ಅಪ್ಪ ನನ್ನ ಪಕ್ಕದಲ್ಲಿ ಕಾಯುತ್ತಾ ಕೂತಿದ್ದ. ಆ ಮುಕ್ಕಾಲು ಗಂಟೆಯನ್ನು ಎಲ್ಲಿಂದ ತರೋದು.