ಕಮರುನ್ನೀಸಾಳ ಕೈ ಮತ್ತು ಐದು ಕೆಜಿಯ ಕೂಸು

"ನನ್ ಕೈ ಮುಟ್ಟಿದ ಮಗೂಗೆ ಡಾಕ್ಟ್ರು ಬೇಕಿಲ್ಲ ಬೇಟಿ. ಹೊಟ್ಟೆ ಮೇಲೆ ಬೆರಳಿಟ್ರೆ ಒಳಗಿರೋದೆಲ್ಲಾ ಹೇಳ್ಬಿಡ್ತೀನಿ!"

ಶಿವಾಜಿನಗರದ ಕಮರುನ್ನೀಸಾ ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುವವಳು. ಅವಳು ಮೀಯಿಸಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸಾಲಿನ ಬಾಲ ಕೆ.ಆರ್.ಪುರ ದಾಟುತ್ತಿತ್ತು. 2003ರಲ್ಲಿ ಜೀವನ್ ಬಿಮಾ ನಗರದ ಪಂಚಾಕ್ಷರಯ್ಯನವರ ಮೊಮ್ಮಗ ಅವಳ ಕೈಗೆ ಬಂದ. ಹುಟ್ಟಿದಾಗಲೇ ಐದು ಕೆಜಿ. ತಾತನ ಬಾಯಲ್ಲಿ ಆ ತೂಕ ವಾರಕ್ಕೊಂದು ಕೆಜಿ ಏರುತ್ತಿತ್ತು. "ನಮ್ಮ ವಂಶದ ಮೈಕಟ್ಟು ಕಣ್ರೀ!"

ಕೂಸಿನ ನಾಲಿಗೆ ಸದಾ ಹೊರಗೆ. ಎಡಗಾಲು ಬಲಗಾಲಿಗಿಂತ ದಪ್ಪ.

"ಒಂದ್ಸಲ ತೋರಿಸ್ಬಿಡೋಣ ಮಾವ," ಎಂದಳು ಸೊಸೆ ರಶ್ಮಿ, ಒಂದಲ್ಲ, ಹತ್ತು ಸಲ.

"ನೀನ್ ಸುಮ್ನಿರಮ್ಮ."

"ತಿಕ್ಕಿ ತಿಕ್ಕಿ ನಾನೇ ಸರಿ ಮಾಡ್ತೀನಿ," ಎಂದು ಕಮರುನ್ನೀಸಾಳೂ ತಾತನ ಪಕ್ಷ ಹಿಡಿದಳು.

ಎಂಟನೇ ತಿಂಗಳಲ್ಲಿ ರಶ್ಮಿ ಯಾರನ್ನೂ ಕೇಳದೆ ಮಗುವನ್ನೆತ್ತಿಕೊಂಡು ಆಟೊ ಹತ್ತಿದಳು. ಸ್ಕ್ಯಾನಿನಲ್ಲಿ ಎಡ ಮೂತ್ರಪಿಂಡದ ಮೇಲೆ ನಿಂಬೆಹಣ್ಣಿನಷ್ಟು ಗೆಡ್ಡೆ. ಕ್ಯಾನ್ಸರು.

ಮರುದಿನ ಡಾಕ್ಟರು ಎಲ್ಲರನ್ನೂ ಕರೆಸಿದರು. "ಕೆಲವು ಜೀನ್‌ಗಳು ತಾಯಿಂದ ಬಂದ ಪ್ರತಿಯಲ್ಲಿ ಮಾತ್ರ ಕೆಲ್ಸ ಮಾಡ್ತವೆ, ಕೆಲವು ತಂದೆಯದ್ರಲ್ಲಿ ಮಾತ್ರ. ಅಂಥ ಒಂದು ಜೀನ್ ಇದೆ, ಅದು ಪ್ರೊಟೀನ್ ಮಾಡಲ್ಲ, ಬರೀ ಆರ್‌ಎನ್‌ಎ ಮಾಡುತ್ತೆ. ತಾಯಿ ಕಡೇದು ಅದನ್ನ ಮಾಡ್ತಿದ್ರೆ ಬೆಳವಣಿಗೆ ಹದವಾಗಿರುತ್ತೆ. ಈ ಮಗೂನಲ್ಲಿ ಅದು ಮುಚ್ಚಿಹೋಗಿದೆ ಅಂತ ನನ್ನ ಅಂದಾಜು. ಪಕ್ಕದಲ್ಲಿರೋ, ಮೈ ಬೆಳೆಸೋ ಜೀನ್‌ಗೆ ಹಿಡಿತಾನೇ ಇಲ್ಲ. ಮೈಯೂ ಬೆಳೀತು, ಗೆಡ್ಡೇನೂ ಬೆಳೀತು." ಆಮೇಲೆ ಕೇಳಿದರು: "ಹೊಟ್ಟೆ ಯಾರೂ ಒತ್ತಿಲ್ಲ ತಾನೇ? ಗೆಡ್ಡೆ ಒಡೆದಿದ್ರೆ ಒಳಗೆಲ್ಲಾ ಹರಡುತ್ತೆ."

ಕೂಸನ್ನೆತ್ತಿಕೊಂಡಿದ್ದ ಕಮರುನ್ನೀಸಾ ಅದನ್ನು ರಶ್ಮಿಯ ಮಡಿಲಿಗಿಟ್ಟು ಕೈ ಹಿಂದಕ್ಕೆಳೆದುಕೊಂಡಳು.

"ನಾನ್ ಒತ್ತಿದೀನಿ ಡಾಕ್ಟ್ರೆ. ದಿನಾ."



ಆಪರೇಷನ್ ಮೂರು ಗಂಟೆ ಹಿಡಿಯಿತು. ಪಂಚಾಕ್ಷರಯ್ಯನವರು ಕಾರಿಡಾರಿನಲ್ಲಿ ನಡೆದ ದೂರಕ್ಕೆ ತುಮಕೂರು ಮುಟ್ಟಿ ವಾಪಸು ಬರಬಹುದಿತ್ತು. ಕಮರುನ್ನೀಸಾ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಹತ್ತಿರ ಬಾ ಎಂದವರಿಲ್ಲ, ಹೋಗು ಎಂದವರೂ ಇಲ್ಲ. ರಶ್ಮಿ ಬಾಗಿಲಿನಿಂದ ಕಣ್ಣು ಕೀಳಲಿಲ್ಲ.

ಕೊನೆಗೆ ಬಾಗಿಲು ತೆರೆದು ಡಾಕ್ಟರು ಹೊರಬಂದರು. "ಗೆಡ್ಡೆ ಒಡೆದಿಲ್ಲ. ಇಡಿಯಾಗಿ ಬಂತು. ಇನ್ಮೇಲೆ ಮೂರು ತಿಂಗಳಿಗೊಂದ್ಸಲ ಸ್ಕ್ಯಾನ್ ಮಾಡಿಸ್ತಿರ್ಬೇಕು."

ಉಸಿರು ಮರಳಿದ್ದೇ ಪಂಚಾಕ್ಷರಯ್ಯನವರಿಗೆ ಬಾಯಿಯೂ ಮರಳಿತು. "ಏನಮ್ಮಾ, ಸ್ಕ್ಯಾನ್ ಮಿಷನ್ ಮುಂದೆ ನಿನ್ ಕೈ ಸೋತ್ಹೋಯ್ತಲ್ಲ?"

"ಸೋತೆ ಸಾಮಿ. ಇನ್ಮೇಲೆ ಯಾವ ಕೂಸಿನ ಹೊಟ್ಟೇನೂ ಒತ್ತಲ್ಲ. ಆದ್ರೆ ಡಾಕ್ಟ್ರು ಹೇಳಿದ್ದು ನಿಮ್ಗೂ ಕೇಳಿಸ್ತಲ್ಲ? ತಾಯಿ ಕಡೇದು ಸುಮ್ನಾದ್ರೆ ಇದೇ ಗತಿ. ಮುಂದಿನ ಸ್ಕ್ಯಾನ್ ಯಾವಾಗ ಅಂತ ಸೊಸೇನ ಕೇಳಿ. ನೀವೂ ನಾನೂ ಬಾಯ್ಮುಚ್ಕೊಂಡ್ ಕೇಳಿಸ್ಕೊಳ್ಳೋಣ."